ಖಾಸಗಿ ಶಾಲೆಯ ಹೆಸರಿನ ದತ್ತಿನಿಧಿ: ಕೊಡುವ ಮುನ್ನ ನೋಡಬೇಕಾದ ಲೆಕ್ಕ

ಖಾಸಗಿ ಶಾಲೆಗಳು ದಾನಿಗಳ ಮುಂದಿಡುವ ಯೋಜನೆಗಳಲ್ಲಿ ದುಬಾರಿಯಾದದ್ದೊಂದು ಹೆಸರಿನ ವಿದ್ಯಾರ್ಥಿವೇತನ ದತ್ತಿ. ಒಮ್ಮೆ ಕೊಟ್ಟರೆ ಸಾಕು, ಅಸಲು ಕರಗುವುದಿಲ್ಲ, ನಿಮ್ಮವರ ಹೆಸರಿನಲ್ಲಿ ಒಂದು ಮಗು ಎಂದೆಂದಿಗೂ ಓದುತ್ತದೆ ಎನ್ನುವುದು ಕರಪತ್ರದ ಮಾತು. ಮೊದಲನೆಯದು ನಿಜ. ಎರಡನೆಯದು ಮಾರುಕಟ್ಟೆ ನೆಟ್ಟಗಿರುವಷ್ಟು ದಿನ ನಿಜ. ಮೂರನೆಯದು ಮಾತ್ರ ಒಡಂಬಡಿಕೆಯಲ್ಲಿ ಏನು ಬರೆದಿದೆ ಎನ್ನುವುದರ ಮೇಲೆ ನಿಂತಿದೆ. ಐದಕ್ಕೆ ಅಂಕ ಹಾಕುವುದಾದರೆ, ಷರತ್ತು ಸಡಿಲವಾಗಿರುವ ನಿಧಿಗೆ ನಾಲ್ಕು, ಬಿಗಿಯಾಗಿರುವುದಕ್ಕೆ ಎರಡು.

ಕೊಟ್ಟ ಹಣ ಪ್ರತ್ಯೇಕ ಪೆಟ್ಟಿಗೆಯಲ್ಲಿ ಕೂರುವುದಿಲ್ಲ. ಸಾಮಾನ್ಯವಾಗಿ ಎಲ್ಲ ದತ್ತಿಗಳನ್ನೂ ಒಟ್ಟುಗೂಡಿಸಿ ಹೂಡುತ್ತಾರೆ, ಲೆಕ್ಕದ ಪುಸ್ತಕದಲ್ಲಿ ನಿಮ್ಮ ನಿಧಿಗೆ ಇಷ್ಟು ಯೂನಿಟ್ ಎಂದು ಬರೆದುಕೊಳ್ಳುತ್ತಾರೆ. ಪ್ರತಿವರ್ಷ ಶಾಲೆ ಬಳಸುವುದು ಆ ವರ್ಷ ಬಂದ ಬಡ್ಡಿ, ಲಾಭಾಂಶಗಳನ್ನಲ್ಲ. ಕಳೆದ ಮೂರು ವರ್ಷಗಳ, ಅಂದರೆ 12 ತ್ರೈಮಾಸಿಕಗಳ ಸರಾಸರಿ ಮೌಲ್ಯದ ಶೇ. 4ರಿಂದ 5ರಷ್ಟನ್ನು. ಸರಾಸರಿ ಏಕೆಂದರೆ, 100 ಇದ್ದ ನಿಧಿ ಒಂದೇ ವರ್ಷದಲ್ಲಿ 70ಕ್ಕೆ ಇಳಿದರೆ ಶೇ. 4.5ರ ಲೆಕ್ಕದಲ್ಲಿ ವಿದ್ಯಾರ್ಥಿವೇತನ 4.5ರಿಂದ 3.15ಕ್ಕೆ ಬೀಳಬೇಕು. ಸರಾಸರಿಯಲ್ಲಿ ಅದು 4.05ಕ್ಕೆ ನಿಲ್ಲುತ್ತದೆ. ಆದರೆ ಪೆಟ್ಟು ತಪ್ಪುವುದಿಲ್ಲ. ಮಾರುಕಟ್ಟೆ ಚೇತರಿಸಿಕೊಳ್ಳದಿದ್ದರೆ ಮರುವರ್ಷ 3.6, ಅದರ ಮರುವರ್ಷ ಅದೇ 3.15. ಈಗಾಗಲೇ ಓದುತ್ತಿರುವ ಮಗುವನ್ನು ನಡುವೆ ಕೈಬಿಡದೆ ಬಜೆಟ್ ಸರಿಪಡಿಸಿಕೊಳ್ಳಲು ಸಿಗುವ ಎರಡು ವರ್ಷದ ಬಿಡುವೇ ಈ ಸೂತ್ರದ ಪ್ರಯೋಜನ.

ಶೇ. 4.5ರ ದರದಲ್ಲಿ ಒಂದು ಮಗುವಿನ ಪೂರ್ಣ ಶುಲ್ಕಕ್ಕೆ ವಾರ್ಷಿಕ ಶುಲ್ಕದ ಸುಮಾರು 22 ಪಟ್ಟು ಅಸಲು ಬೇಕು. ಕರಪತ್ರದ 'ಕನಿಷ್ಠ ಮೊತ್ತ' ಅದಕ್ಕಿಂತ ಎಷ್ಟೋ ಕಡಿಮೆ ಇದ್ದರೆ ನೀವು ಕೊಡುತ್ತಿರುವುದು ಒಂದು ಸೀಟನ್ನಲ್ಲ, ಸೀಟಿನ ಒಂದು ತುಂಡನ್ನು. ಅದು ತಪ್ಪಲ್ಲ, ಗೊತ್ತಿದ್ದು ಕೊಡಬೇಕು ಅಷ್ಟೆ. ದೊಡ್ಡ ತೊಡಕು ಇರುವುದು ಶುಲ್ಕದ ಏರಿಕೆಯಲ್ಲಿ. ಹೂಡಿಕೆ ಶೇ. 8 ಗಳಿಸಿತು ಎನ್ನಿ. ನಿರ್ವಹಣಾ ವೆಚ್ಚ ಶೇ. 1, ಬಳಕೆ ಶೇ. 4.5 ಕಳೆದರೆ ನಿಧಿ ಬೆಳೆಯುವುದು ಶೇ. 2.5ರಂತೆ. ಶುಲ್ಕ ವರ್ಷಕ್ಕೆ ಶೇ. 6 ಏರಿದರೆ, ಇಂದು ಪೂರ್ಣ ಶುಲ್ಕ ಕಟ್ಟುವ ದತ್ತಿ ಹತ್ತು ವರ್ಷದ ನಂತರ ಶೇ. 71ರಷ್ಟನ್ನು, ಇಪ್ಪತ್ತು ವರ್ಷಕ್ಕೆ ಅರ್ಧದಷ್ಟನ್ನು ಮಾತ್ರ ಕಟ್ಟುತ್ತದೆ. ಹಾಗಾಗಿ 'ಒಂದು ಪೂರ್ಣ ವಿದ್ಯಾರ್ಥಿವೇತನ' ಎಂದು ಒಡಂಬಡಿಕೆಯಲ್ಲಿ ಬರೆಯಿಸಬೇಡಿ. 'ಒಬ್ಬರು ಅಥವಾ ಹೆಚ್ಚು ವಿದ್ಯಾರ್ಥಿಗಳಿಗೆ, ಪೂರ್ಣವಾಗಿ ಅಥವಾ ಭಾಗಶಃ' ಎಂದಿರಲಿ.

ಶಾಲೆಗೆ ಇದರಿಂದ ಏನು ಲಾಭ? ಬೆನ್ನಿಗೆ ದತ್ತಿಯ ಹಣವಿಲ್ಲದ ವಿದ್ಯಾರ್ಥಿವೇತನ ಬರೀ ರಿಯಾಯಿತಿ. ಸೀಟು ತುಂಬಿತು, ಶುಲ್ಕ ಬರಲಿಲ್ಲ. ಶಿಕ್ಷಕರ ಸಂಬಳ ಮಾತ್ರ ಮೊದಲಿನಷ್ಟೇ. ಆ ಖೋತಾವನ್ನು ಉಳಿದ ಪೋಷಕರ ಶುಲ್ಕವೋ ವಾರ್ಷಿಕ ದೇಣಿಗೆಯೋ ತುಂಬಬೇಕು. ದತ್ತಿ ಇದ್ದರೆ ಆ ಸೀಟಿಗೆ ನಿಜವಾದ ಹಣ ಬರುತ್ತದೆ. ಇಲ್ಲೇ ದಾನಿ ಕೇಳಬೇಕಾದ, ಶಾಲೆಗೆ ಅಷ್ಟೇನೂ ಹಿಡಿಸದ ಪ್ರಶ್ನೆ ಇದೆ: ನನ್ನ ಹಣದಿಂದ ಹೊಸ ಮಗು ಬರುತ್ತದೆಯೋ, ಈಗಾಗಲೇ ಕೊಡುತ್ತಿರುವ ರಿಯಾಯಿತಿಗೆ ನನ್ನ ಹೆಸರು ಅಂಟುತ್ತದೆಯೋ? ಎರಡನೆಯದೂ ಶಾಲೆಗೆ ಉಪಕಾರವೇ, ಬಜೆಟ್ ಹಗುರಾಗುತ್ತದೆ. ಆದರೆ ಮೊದಲನೆಯದೆಂದು ಹೇಳಿ ಎರಡನೆಯದನ್ನು ಕೊಡಬಾರದು. ಕಳೆದ ಐದು ವರ್ಷಗಳ ನೆರವಿನ ಒಟ್ಟು ಮೊತ್ತ ಕೇಳಿ. ದತ್ತಿ ಬೆಳೆದೂ ನೆರವು ನಿಂತಲ್ಲೇ ನಿಂತಿದ್ದರೆ ಉತ್ತರ ಸಿಕ್ಕಿತು.

ಷರತ್ತು ಬಿಗಿಯಾದರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ಫಿಲಡೆಲ್ಫಿಯಾದ ಗಿರಾರ್ಡ್ ಕಾಲೇಜಿಗಿಂತ ಒಳ್ಳೆಯ ಪಾಠ ಸಿಗದು. ಹೆಸರು ಕಾಲೇಜು, ಇರುವುದು ವಸತಿ ಶಾಲೆ. 1831ರಲ್ಲಿ ತೀರಿಕೊಂಡ ಸ್ಟೀಫನ್ ಗಿರಾರ್ಡ್ ತನ್ನ ಉಯಿಲಿನಲ್ಲಿ ಬಡ, ಬಿಳಿಯ, ತಂದೆಯಿಲ್ಲದ ಹುಡುಗರಿಗೆಂದೇ ಆಸ್ತಿ ಬಿಟ್ಟ. ಶಾಲೆ 1848ರಲ್ಲಿ ತೆರೆಯಿತು. ಕಪ್ಪು ಮಕ್ಕಳು ಒಳಬರಲು ವರ್ಷಗಟ್ಟಲೆ ಪ್ರತಿಭಟನೆ, ಕೋರ್ಟು ಎಲ್ಲ ಆಗಿ 1968 ಆಯಿತು. ಹುಡುಗಿಯರು ಬಂದದ್ದು 1984ರಲ್ಲಿ. ದತ್ತಿಯ ಆದಾಯವನ್ನೇ ನೆಚ್ಚಿದ್ದ ಈ ಶಾಲೆ 2013ರಲ್ಲಿ ಹಣ ಸಾಲದೆ ವಸತಿಯನ್ನೂ ಪ್ರೌಢಶಾಲೆಯನ್ನೂ ನಿಲ್ಲಿಸಲು ಅನುಮತಿ ಕೇಳಿತು. ಮರುವರ್ಷ ನ್ಯಾಯಾಲಯ ಒಪ್ಪಲಿಲ್ಲ. ಅಂದರೆ ನಿಧಿ ಎಷ್ಟೇ ದೊಡ್ಡದಿರಲಿ, ಆದಾಯಕ್ಕೆ ಇನ್ನೊಂದು ಕಾಲು ಬೇಕು.

ಇಂದಿನ ಚಿಕ್ಕ ದತ್ತಿಗಳಲ್ಲೂ ಬಿಗಿ ಷರತ್ತಿನ ಇದೇ ರೋಗ, ಸಣ್ಣ ಪ್ರಮಾಣದಲ್ಲಿ. 'ವಯಲಿನ್ ಕಲಿಯುವ, ಇಂಥ ಊರಿನ, ಇಂಥ ತರಗತಿಯ ವಿದ್ಯಾರ್ಥಿ' ಎಂದು ಬರೆದರೆ ಎಷ್ಟೋ ವರ್ಷ ಅರ್ಹರೇ ಸಿಗದೆ ಹಣ ಖಾತೆಯಲ್ಲೇ ಕೊಳೆಯುತ್ತದೆ. ಆದ್ಯತೆ ಎಂದು ಬರೆಯಿರಿ, ಕಡ್ಡಾಯ ಬೇಡ. ಮೂಲ ಉದ್ದೇಶ ಅಸಾಧ್ಯವಾದರೆ ಅದಕ್ಕೆ ಹತ್ತಿರದ ಉದ್ದೇಶಕ್ಕೆ ತಿರುಗಿಸುವ ಅಧಿಕಾರವನ್ನು ಆಡಳಿತ ಮಂಡಳಿಗೆ ಕೊಡುವ ಸಾಲು ಇರಲೇಬೇಕು. ಫಲಾನುಭವಿಯ ಆಯ್ಕೆ ಶಾಲೆಯ ಸಮಿತಿಗೇ ಬಿಟ್ಟದ್ದು. ದಾನಿ ಮಗುವಿನತ್ತ ಬೆರಳು ತೋರಿಸಿದರೆ ತೆರಿಗೆ ರಿಯಾಯಿತಿಗೂ ಕುತ್ತು ಬರಬಹುದು.

ನಿಧಿಯ ಮೌಲ್ಯ ಕೊಟ್ಟ ಮೊತ್ತಕ್ಕಿಂತ ಕೆಳಗಿಳಿದಾಗ ಏನು ಮಾಡುತ್ತೀರಿ ಎಂದೂ ಕೇಳಿ. ಅಮೆರಿಕದಲ್ಲಿ 1972ರ ಮಾದರಿ ಕಾನೂನು ಅಂಥ ಹೊತ್ತಿನಲ್ಲಿ ಕೈಕಟ್ಟುತ್ತಿತ್ತು. ಅದರ ಬದಲಿಗೆ ಬಂದ 2006ರ ಮಾದರಿ ಕಾನೂನು ಯುಪಿಎಂಐಎಫ್‌ಎ ವಿವೇಚನೆಯಿಂದ ಬಳಸಲು ಬಿಟ್ಟಿತು, ಶೇ. 7ಕ್ಕಿಂತ ಹೆಚ್ಚಿನ ಬಳಕೆಯನ್ನು ಅವಿವೇಕವೆಂದು ಪರಿಗಣಿಸುವ ಐಚ್ಛಿಕ ನಿಯಮವೂ ಅದರಲ್ಲಿದೆ. ನಿಮ್ಮ ಶಾಲೆಯ ನೀತಿ ಲಿಖಿತವಾಗಿರಲಿ, ಬಾಯಿಮಾತು ಸಾಲದು.

ಕಂತಿನಲ್ಲಿ ಕೊಡುವವರಿಗೆ ಒಂದು ಉಪಾಯ: ಅಸಲು ತುಂಬುವವರೆಗೆ ವಿದ್ಯಾರ್ಥಿವೇತನ ಶುರುವಾಗುವುದಿಲ್ಲ. ಕಂತಿನ ಜೊತೆಗೆ ಪೂರ್ಣ ಗುರಿಯ ಶೇ. 4.5ರಷ್ಟನ್ನು ನೇರ ಬಳಕೆಗೆಂದು ಪ್ರತಿವರ್ಷ ಕೊಟ್ಟರೆ ಮೊದಲ ವರ್ಷವೇ ಮಗುವಿಗೆ ನೆರವು ತಲುಪುತ್ತದೆ.

ಮೂರು ತಿಂಗಳ ಖರ್ಚಿಗೂ ಮೀಸಲು ಹಣವಿಲ್ಲದ ಶಾಲೆಗೆ ದತ್ತಿ ಕೊಡುವುದು ನಮ್ಮ ಮಟ್ಟಿಗೆ ತಪ್ಪು ಆಯ್ಕೆ. ಅಸಲಿಗೆ ಬೀಗ, ಸಂಬಳಕ್ಕೆ ಪರದಾಟ. ಕೊನೆಗೆ ಆಡಳಿತ ಮಂಡಳಿ ದತ್ತಿಯಿಂದಲೇ 'ತಾತ್ಕಾಲಿಕ ಸಾಲ' ಎತ್ತುತ್ತದೆ. ಅಂಥಲ್ಲಿ ಅದೇ ಹಣವನ್ನು ಐದು ವರ್ಷಕ್ಕೆ ಹಂಚಿ ನೇರ ವಿದ್ಯಾರ್ಥಿವೇತನವಾಗಿ ಕೊಡಿ. ಶಾಲೆಗೆ ಮೀಸಲು ಇದೆಯೇ, ದತ್ತಿಯಿಂದ ಸಾಲ ಎತ್ತಿದೆಯೇ ಎನ್ನುವುದು ಲೆಕ್ಕಪರಿಶೋಧಕರ ವರದಿಯ ಟಿಪ್ಪಣಿಗಳಲ್ಲಿ ಸಿಗುತ್ತದೆ. ನಿರ್ಬಂಧಿತ ನಿಧಿಗಳ, ಅಂದರೆ ದಾನಿಗಳು ಇಂಥದ್ದಕ್ಕೇ ಎಂದು ಕೊಟ್ಟ ಹಣದ, ಒಟ್ಟು ಮೊತ್ತವನ್ನೂ ಹೂಡಿಕೆಗಳ ಮೊತ್ತವನ್ನೂ ಅಕ್ಕಪಕ್ಕ ಇಟ್ಟು ನೋಡಿ. ಹೂಡಿಕೆ ಕಡಿಮೆಯಿದ್ದರೆ ವ್ಯತ್ಯಾಸದ ಹಣ ಎಲ್ಲಿದೆ ಎಂದು ಸಹಿ ಹಾಕುವ ಮುನ್ನವೇ ಕೇಳಿ.