ಬಾಸ್ ಕಟಾನಾ-50 ಮಾರ್ಕ್ 2: ಮೂರು ವರ್ಷ ನುಡಿಸಿದ ಮೇಲೆ

ಮೂರು ವರ್ಷಗಳಿಂದ ನಾನು ಬಳಸುತ್ತಿರುವ ಗಿಟಾರ್ ಆಂಪ್ಲಿಫೈಯರ್ ಬಾಸ್ ಕಂಪನಿಯ ಕಟಾನಾ-50 ಮಾರ್ಕ್ 2. ಅದಕ್ಕೂ ಮೊದಲು ನಾಲ್ಕು ವರ್ಷ ನನ್ನ ಬಳಿ ಇದ್ದದ್ದು 15 ವ್ಯಾಟ್‌ನ ಒಂದು ಟ್ಯೂಬ್ ಆಂಪ್, ಅಂದರೆ ಗಾಜಿನ ನಿರ್ವಾತ ಕೊಳವೆಗಳಿಂದ ಸದ್ದನ್ನು ಹೆಚ್ಚಿಸುವ ಹಳೆಯ ಬಗೆಯ ಆಂಪ್ಲಿಫೈಯರ್. ಅದನ್ನು ತಯಾರಿಸಿದವರ ಹೆಸರು ಇಲ್ಲಿ ಬೇಡ. ಮುಂದೆ ಹೇಳುವ ತೊಂದರೆಯ ಬಹುಪಾಲು ಅವರದ್ದಲ್ಲ, ನನ್ನ ಆಯ್ಕೆಯದು.

ಅದನ್ನು ಕೊಳ್ಳುವಾಗ, 15 ವ್ಯಾಟ್ ತಾನೇ, ಮನೆಯ ಕೋಣೆಗೆ ಹದವಾಗಿರುತ್ತದೆ ಎಂದುಕೊಂಡಿದ್ದೆ. ವ್ಯಾಟ್‌ಗೂ ಸದ್ದಿಗೂ ನೇರ ಲೆಕ್ಕವಿಲ್ಲವೆಂಬುದು ಆಗ ಗೊತ್ತಿರಲಿಲ್ಲ. ಶಕ್ತಿ ಇಮ್ಮಡಿಯಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಕೇಳಿಸಿದಂತಾಗಲು ಶಕ್ತಿ ಸುಮಾರು ಹತ್ತು ಪಟ್ಟಾಗಬೇಕು. ಆದ್ದರಿಂದ 100 ವ್ಯಾಟ್‌ನ ಆಂಪ್ 50 ವ್ಯಾಟ್‌ನದಕ್ಕಿಂತ ಸ್ವಲ್ಪವೇ ಜೋರು, ಹಾಗೆಯೇ 15 ವ್ಯಾಟ್‌ನದು ನಾವು ಊಹಿಸುವಷ್ಟು ಮೆತ್ತಗಿನದೂ ಅಲ್ಲ. 12 ಇಂಚಿನ ಗಿಟಾರ್ ಸ್ಪೀಕರ್‌ಗಳು 1 ವ್ಯಾಟ್‌ಗೆ, 1 ಮೀಟರ್ ದೂರದಲ್ಲಿ, ಸಾಮಾನ್ಯವಾಗಿ 97ರಿಂದ 100 ಡೆಸಿಬೆಲ್ ಕೊಡುತ್ತವೆ. 15 ವ್ಯಾಟ್ ಸೇರಿದರೆ ಅದರ ಮೇಲೆ ಇನ್ನೂ ಸುಮಾರು 12, ಅಂದರೆ ಒಟ್ಟು 110ರ ಆಸುಪಾಸು. ಬಾಗಿಲು ಹಾಕಿಕೊಂಡ ಕೋಣೆಯಲ್ಲಿ ಅದನ್ನು ಕೇಳಿಸಿಕೊಂಡು ಕೂರುವುದು ಯಾರಿಂದಲೂ ಆಗದ ಮಾತು.

ಆ ಆಂಪ್‌ನಲ್ಲಿ ಸ್ಪೀಕರಿಗೆ ಶಕ್ತಿ ಕೊಡುತ್ತಿದ್ದ ಇಎಲ್84 ಪವರ್ ಟ್ಯೂಬ್‌ಗಳ ಸೊಗಸು, ಅವುಗಳನ್ನು ಮಿತಿಯವರೆಗೆ ದುಡಿಸಿದಾಗ ಸ್ವರದ ಅಂಚು ಮೆಲ್ಲಗೆ ಒಡೆಯುವುದರಲ್ಲಿದೆ. ನನ್ನ ವಾಲ್ಯೂಮ್ ಗುಂಡಿಯಾದರೋ ನಾಲ್ಕು ವರ್ಷವೂ ಎರಡನ್ನು ದಾಟಲಿಲ್ಲ. ಯಾವ ದನಿಗಾಗಿ ಟ್ಯೂಬ್ ಆಂಪ್ ಬೇಕೆಂದು ಹಟ ಹಿಡಿದಿದ್ದೆನೋ ಅದನ್ನು ಕೇಳಿದ್ದು ನಾಲ್ಕೈದು ಸಲವಿರಬಹುದು, ಅದೂ ಮನೆಯಲ್ಲಿ ಯಾರೂ ಇಲ್ಲದಾಗ. ಕೊನೆಯ ವರ್ಷ ಗಿಟಾರಿನ ಸಂಕೇತವನ್ನು ಮೊದಲು ಹೆಚ್ಚಿಸುವ ಪ್ರೀಆಂಪ್ ಟ್ಯೂಬ್ ಒಂದು ಮೈಕ್ರೊಫೋನಿಕ್ ಆಯಿತು; ಸ್ಪೀಕರಿನ ಅದುರುವಿಕೆಯನ್ನೇ ಹಿಡಿದು ಗಂಟೆಯಂತೆ ಮೊಳಗತೊಡಗಿತು. ಟ್ಯೂಬ್ ಬದಲಿಸಿದರೆ ಹೋಗುವ ತೊಂದರೆಯೇ ಆದರೂ, ಬೇರೆ ಆಂಪ್ ನೋಡಲು ಅದೊಂದು ನೆಪವಾಯಿತು.

ಈ ಬಾರಿ ನಾನು ಕೇಳಿಕೊಂಡ ಪ್ರಶ್ನೆ ಒಂದೇ: ನಾನು ದಿನವೂ ನುಡಿಸುವ ಸದ್ದಿನ ಮಟ್ಟದಲ್ಲಿ ಇದರ ದನಿ ಹೇಗಿದೆ? ಕಟಾನಾ ಟ್ಯೂಬ್‌ಗಳಿಲ್ಲದ ಡಿಜಿಟಲ್ ಮಾಡೆಲಿಂಗ್ ಆಂಪ್, ಅಂದರೆ ಆಂಪ್‌ಗಳ ದನಿಯನ್ನು ಡಿಜಿಟಲ್ ಆಗಿ ಅನುಕರಿಸುವಂಥದು. ಅದರ ಶಕ್ತಿಯನ್ನು 50, 25 ಮತ್ತು 0.5 ವ್ಯಾಟ್‌ಗಳ ನಡುವೆ ಬದಲಿಸಿಕೊಳ್ಳಬಹುದು. 0.5 ಎಂದರೆ ಪಿಸುಮಾತೆಂದು ತಿಳಿಯಬೇಕಾಗಿಲ್ಲ. ಮೇಲಿನ ಲೆಕ್ಕವನ್ನೇ ಹಿಡಿದರೆ ಅದೂ 95 ಡೆಸಿಬೆಲ್ ಸಮೀಪಕ್ಕೆ ಬರಬಲ್ಲದು, ಹಾಗಾಗಿ ರಾತ್ರಿ ಹೊತ್ತು ಮಾಸ್ಟರ್ ಗುಂಡಿಯನ್ನು ಇಳಿಸಲೇಬೇಕು. ಆದರೆ ಇಳಿಸಿದ ಮೇಲೂ ಕ್ರಂಚ್ ಎಂಬ, ಅಂಚು ತುಸು ಒಡೆದ ಬಗೆಯ ದನಿ ಸೊರಗುವುದಿಲ್ಲ, ನನಗೆ ಬೇಕಾಗಿದ್ದದ್ದೂ ಅದೇ. ಒಡಕಿಲ್ಲದ ಕ್ಲೀನ್ ದನಿ ಇನ್ನೂ ಚೆನ್ನ. ಬ್ರೌನ್ ಎಂಬ ತೀವ್ರ ಡಿಸ್ಟಾರ್ಷನ್ನಿನ, ಅಂದರೆ ಪೂರ್ತಿ ಒಡೆದ ದನಿಯ ಬಗೆಯನ್ನು ನಾನು ಮುಟ್ಟಿದ್ದೇ ಕಡಿಮೆ. ಹೆಡ್‌ಫೋನ್ ಕಿಂಡಿಯಲ್ಲಿ ಸ್ಪೀಕರ್ ಪೆಟ್ಟಿಗೆಯ ಅನುಕರಣೆ ಇರುವುದರಿಂದ ಹೊತ್ತುಗೊತ್ತಿಲ್ಲದೆ ಅಭ್ಯಾಸ ಮಾಡಲು ಅಡ್ಡಿಯಿಲ್ಲ.

ಒಂದು ಸಂಗತಿ ಅರ್ಥವಾಗಲು ತಿಂಗಳುಗಳೇ ಹಿಡಿದವು. ಮನೆಯಲ್ಲಿ ಶ್ರದ್ಧೆಯಿಂದ ಹೊಂದಿಸಿ ಉಳಿಸಿಟ್ಟ ದನಿ, ಡ್ರಮ್ ಜೊತೆಗಿನ ತಾಲೀಮಿನಲ್ಲಿ ಗುಮ್ಮೆನ್ನುತ್ತ ಕೆಸರಾಗಿ ಕೇಳಿಸುತ್ತಿತ್ತು. ಇದರಲ್ಲಿ ಆಂಪ್‌ನ ತಪ್ಪೇನೂ ಇರಲಿಲ್ಲ. ಸದ್ದು ಕಡಿಮೆಯಿದ್ದಾಗ ನಮ್ಮ ಕಿವಿ ಕೆಳಸ್ವರಗಳನ್ನು ಅಷ್ಟಾಗಿ ಹಿಡಿಯುವುದಿಲ್ಲ. ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಆ ಕೊರತೆ ತುಂಬಲು ಮನೆಯಲ್ಲಿ ಬೇಸ್ ಏರಿಸಿರುತ್ತೇವೆ, ಸದ್ದು ಹೆಚ್ಚಿದೊಡನೆ ಅದೆಲ್ಲ ಒಟ್ಟಿಗೆ ಎದ್ದು ಬರುತ್ತದೆ. ಈಗ ಮನೆಗೊಂದು, ತಾಲೀಮಿಗೊಂದು ಎಂದು ಎರಡು ದನಿಗಳನ್ನು ಬೇರೆಬೇರೆಯಾಗಿ ಉಳಿಸಿಟ್ಟಿದ್ದೇನೆ. ಎರಡನೆಯದರಲ್ಲಿ ಬೇಸ್ ಕಡಿಮೆ, ಮಿಡಲ್ ಹೆಚ್ಚು. ಆಂಪ್ ಅನ್ನು ನೆಲದಿಂದೆತ್ತಿ ಕುರ್ಚಿಯ ಮೇಲಿಟ್ಟದ್ದರಿಂದಲೂ ಅಷ್ಟೇ ಪ್ರಯೋಜನವಾಯಿತು. ದೊಡ್ಡ ಸ್ಪೀಕರಿನ ಮೇಲ್‌ಸ್ವರಗಳು ನೇರ ಕಿರಣದಂತೆ ಎದುರಿಗೇ ಸಾಗುತ್ತವೆ, ನೆಲದ ಮೇಲಿದ್ದಾಗ ಅವು ನನ್ನ ಮೊಣಕಾಲಿಗೆ ಕೇಳಿಸುತ್ತಿದ್ದವು.

ಕೊರತೆಗಳಲ್ಲಿ ನನ್ನನ್ನು ನಿಜವಾಗಿ ಕಾಡುವುದು ಎಫೆಕ್ಟ್ಸ್ ಲೂಪ್, ಅಂದರೆ ಆಂಪ್‌ನ ಡಿಸ್ಟಾರ್ಷನ್ ಹಂತ ದಾಟಿದ ಮೇಲೆ ಪೆಡಲುಗಳನ್ನು ಸೇರಿಸಲು ಬೇಕಾದ ಜೋಡಿ ಕಿಂಡಿಗಳು, ಇಲ್ಲದಿರುವುದು. ಪ್ರತಿಧ್ವನಿ ಸೇರಿಸುವ ನನ್ನ ಹಳೆಯ ಡಿಲೇ ಪೆಡಲನ್ನು ಆಂಪ್‌ನ ಮುಂದೆಯೇ ಜೋಡಿಸಬೇಕು, ಆಗ ಗೇನ್ (ದನಿಯನ್ನು ಒಡೆಯುವ ಮಟ್ಟ) ಹೆಚ್ಚಿದ್ದರೆ ಪ್ರತಿಧ್ವನಿಗಳೂ ಡಿಸ್ಟಾರ್ಷನ್ನಿನೊಳಗೆ ಹಾದು ಬಂದು ಒಂದರ ಮೇಲೊಂದು ಕಲಸಿಹೋಗುತ್ತವೆ. ಒಳಗಿರುವ ಡಿಲೇಯನ್ನು ಬಳಸಿದರೆ ಈ ತೊಡಕಿಲ್ಲವಾದರೂ, ಪೆಡಲುಗಳನ್ನು ಈಗಾಗಲೇ ಕೂಡಿಹಾಕಿಕೊಂಡವರು ಲೂಪ್ ಇರುವ 100 ವ್ಯಾಟ್‌ನ ಮಾದರಿಯನ್ನು ನೋಡುವುದು ಒಳಿತು. ಹೆಚ್ಚುವರಿ 50 ವ್ಯಾಟ್‌ಗಿಂತ ಆ ಎರಡು ಕಿಂಡಿಗಳೇ ಅವರಿಗೆ ಉಪಯೋಗಕ್ಕೆ ಬರುತ್ತವೆ.