ಟೈಟಾನಿಯಂ ಹಿಡಿ ಅಂದ್ರು, ಅಯಸ್ಕಾಂತ ಟಪ್ ಅಂತ ಕಚ್ಕೊಂಡಿತು

ದುಬಾರಿ ಮಡಚುವ ಚಾಕು ಹುಡುಕ್ತಿದ್ದೀರಾ? "ಬಾಕ್ಸ್ ಪೀಸ್, ಒಮ್ಮೆಯೂ ಬಳಸಿಲ್ಲ, ಅರ್ಜೆಂಟ್ ಸೇಲ್" ಅಂತ ಹಾಕಿರೋದು ನೋಡಿ ಕೈ ತುರಿಸ್ತಿದೆಯಾ? ದುಡ್ಡು ಕಳಿಸೋ ಮೊದಲು ಇದನ್ನ ಓದಿ. ಹೊಟ್ಟೆ ಉರೀತಿದೆ ನಂಗೆ, ಬರಹ ಅಡ್ಡಾದಿಡ್ಡಿ ಹೋದ್ರೆ ಹೊಂದ್ಕೊಳ್ಳಿ.

ನಾನು ಕೊಂಡ ಚಾಕುವಿನ ಜಾಹೀರಾತಲ್ಲಿ ಇದ್ದದ್ದು ಟೈಟಾನಿಯಂ ಹಿಡಿ, ಬಿಚ್ಚಿದ ಅಲಗು ಮಡಚದ ಹಾಗೆ ತಡೆಯೋ ಫ್ರೇಮ್ ಲಾಕ್, ಎಂ390 ಅಲಗು. ಎಂ390 ಅಂದ್ರೆ ಬೋಹ್ಲರ್ ಕಂಪನಿಯವರ ಪೌಡರ್ ಸ್ಟೀಲ್ (ಲೋಹದ ಪುಡಿಯಿಂದ ಮಾಡೋದು), ಕ್ರೋಮಿಯಂ ಸುಮಾರು 20%, ವೆನೇಡಿಯಂ 4%. ಸರಿಯಾಗಿ ಹದ ಮಾಡಿದ್ರೆ ಗಡಸುತನ 60 ಎಚ್‌ಆರ್‌ಸಿ (ಗಡಸುತನದ ರಾಕ್‌ವೆಲ್ ಅಳತೆ) ಆಸುಪಾಸು. ಹರಿತ ಬೇಗ ಹೋಗಲ್ಲ, ತುಕ್ಕಿಗೂ ಸುಲಭವಾಗಿ ಬಗ್ಗಲ್ಲ. ದುಡ್ಡು ಕೊಡೋದೇ ಅದಕ್ಕೆ. ಬಂದದ್ದು ನೋಡೋಕೆ ಭರ್ಜರಿಯಾಗಿತ್ತು. ಬಾಕ್ಸು, ನಂಬರ್ ಹಾಕಿದ ಕಾರ್ಡು, ಒರೆಸೋ ಬಟ್ಟೆ, ಏನೂ ಕಡಿಮೆ ಇಲ್ಲ. ಹಿಗ್ಗಿ ಹೀರೇಕಾಯಿಯಾಗಿ ಗೆಳೆಯರಿಗೆಲ್ಲ ತೋರಿಸಿದ್ದೆ!

ಒಂದಿಷ್ಟು ರಟ್ಟಿನ ಡಬ್ಬ ಕೊಯ್ದಿದ್ದಷ್ಟೇ, ಆಮೇಲೆ ಕಾಗದ ಸೀಳೋಕೂ ಒದ್ದಾಡ್ತು. ಮನೇಲಿದ್ದ ಮಾಮೂಲಿ ಸಾಣೆಕಲ್ಲಿಗೆ ಕೊಟ್ಟೆ, ಎಳೀತಿದ್ದ ಹಾಗೇ ಅಂಚಿನಲ್ಲಿ ಬರ್, ಅಂದ್ರೆ ಲೋಹದ ತೆಳು ಎಳೆ, ಎದ್ದು ಬಂತು. ನಿಜವಾದ ಎಂ390 ಅಂಥ ಕಲ್ಲಿಗೆ ಅಷ್ಟು ಸಲೀಸಾಗಿ ಸವೆಯಲ್ಲ, ಬೆವರು ಹರಿಸುತ್ತೆ. ಮಾರಿದವನನ್ನ ಕೇಳಿದ್ದಕ್ಕೆ ಉತ್ತರ: "ಸರ್, ನಿಮಗೆ ಸಾಣೆ ಹಿಡಿಯೋಕೆ ಬರಲ್ಲ ಅನ್ಸುತ್ತೆ." ಒದ್ದೆ ಕೈ ತಾಗಿದ ಕಡೆ ತುಕ್ಕಿನ ಚುಕ್ಕಿ ಬಿದ್ದ ಫೋಟೋ ಕಳಿಸಿದೆ. "ಅದು ಕೊಳೆ ಸರ್, ಒರೆಸಿ ನೋಡಿ." ಒರೆಸಿದೆ. ಹೋಗ್ಲಿಲ್ಲ. "ಇನ್ನೂ ಗಟ್ಟಿಯಾಗಿ ಒರೆಸಿ." ಇದು ಉತ್ತರವಾ?

ಮಾನ ಹೋಗಿದ್ದು ಆಮೇಲೆ. ಗೆಳೆಯನೊಬ್ಬ ಸುಮ್ಮನೆ ಫ್ರಿಜ್ ಮೇಲಿದ್ದ ಅಯಸ್ಕಾಂತದ ಬೊಂಬೆ ಕಿತ್ತು ತಂದು ಹಿಡಿಗೆ ಒಡ್ಡಿದ. ಜೇಬಿಗೆ ಸಿಕ್ಕಿಸೋ ಕ್ಲಿಪ್ ಬಿಚ್ಚಿಟ್ಟಿದ್ವಿ, ಸ್ಕ್ರೂಗಳಿಂದ ದೂರ, ಲಾಕ್ ಇರೋ ಬದಿಯ ನಟ್ಟನಡುವೆ. ಟಪ್! ಚಾಕು ಎತ್ತಿ ಅಲ್ಲಾಡಿಸಿದ್ರೂ ಬೊಂಬೆ ಬೀಳ್ಲಿಲ್ಲ. ಟೈಟಾನಿಯಂಗೆ ಅಯಸ್ಕಾಂತ ಅಂಟಲ್ಲ ಸ್ವಾಮಿ, ಅಂಟೋದೇ ಇಲ್ಲ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕ ಹಾಗೆ ಮಾಡಿದೆ.

ಅದಕ್ಕೂ ಆಸಾಮಿ ಹತ್ರ ಉತ್ತರ ರೆಡಿ: "ಒಳಗಡೆ ಸ್ಟೀಲ್ ಲೈನರ್ ಇರುತ್ತೆ ಬ್ರೋ, ಅದಕ್ಕೆ ಅಂಟಿದೆ." (ಲೈನರ್ ಅಂದ್ರೆ ಹಿಡಿಯ ಒಳಬದಿಯ ತೆಳು ತಗಡು. ದುಡ್ಡು ಕೈ ಸೇರೋವರೆಗೆ ನಾನು ಸರ್, ಈಗ ಬ್ರೋ.) ಅಲ್ಲಯ್ಯಾ, ಫ್ರೇಮ್ ಲಾಕ್ ಅಂತ ಹಾಕಿದ್ದು ನೀನೇ ಅಲ್ವಾ? ಹಿಡಿಯ ಪಟ್ಟಿಯನ್ನೇ ಸೀಳಿ, ಒಳಕ್ಕೆ ಬಗ್ಗಿಸಿ, ಅಲಗಿನ ಬುಡಕ್ಕೆ ಆನಿಸೋದಕ್ಕೇ ಫ್ರೇಮ್ ಲಾಕ್ ಅನ್ನೋದು. ಲಾಕ್ ತುದಿಯಲ್ಲಿ ಸಣ್ಣ ಸ್ಟೀಲ್ ತುಂಡು ಇದ್ರೆ ಇರಬಹುದು, ಆ ಬದಿಯ ನಡುವೆ ಲೈನರ್ ಎಲ್ಲಿಂದ ಬರುತ್ತೆ? ತೂಕ ಹಾಕಿದೆ, ಅಸಲಿ ಕಂಪನಿ ಹೇಳಿರೋದಕ್ಕಿಂತ ಎಷ್ಟೋ ಜಾಸ್ತಿ. ಆಗೋದೇ ಮತ್ತೆ, ಘನ ಸೆಂಟಿಮೀಟರಿಗೆ ಟೈಟಾನಿಯಂ ಸುಮಾರು 4.5 ಗ್ರಾಂ, ಸ್ಟೀಲ್ 7.8.

ದುಡ್ಡು ಹೋಯ್ತು, ಹಾಳಾಗ್ಲಿ. ಆದ್ರೆ ಲಾಕ್? ಬೆರಳುಗಳನ್ನ ದೂರ ಇಟ್ಕೊಂಡು ಅಲಗಿನ ಬೆನ್ನನ್ನ ಮೆಲ್ಲಗೆ ಒತ್ತಿದೆ. ಜಾರಿ ಮಡಚ್ಕೊಂಡು ಬಿಡ್ತು. ಕೆಲಸ ಮಾಡುವಾಗ ಹೀಗಾಗಿದ್ರೆ ಬೆರಳಿನ ಗತಿ ಏನು? ವಿಡಿಯೋ ಕಳಿಸಿದೆ. "ಕ್ಲಿಪ್ ಬಿಚ್ಚಿದ್ದೀರಲ್ಲ, ಇನ್ನು ವಾಪಸ್ ತಗೊಳ್ಳಲ್ಲ." ಜಗಳ ಜೋರಾದ ಮೇಲೆ ಬಾಯಿ ಬಿಟ್ಟ: "ಈ ರೇಟಿಗೆ ಎಲ್ಲರೂ ಕ್ಲೋನೇ ಕೊಡೋದು. ಯಾರಿಗೂ ಗೊತ್ತಾಗಲ್ಲ, ನಿಮ್ಮೊಬ್ಬರದೇ ತಕರಾರು." ಕ್ಲೋನ್ ಅಂದ್ರೆ ನಕಲಿ ಮಾಲು. ಅಲ್ಲಿಗೆ ನನ್ನನ್ನ ಬ್ಲಾಕ್ ಮಾಡಿದ.

ಅಯಸ್ಕಾಂತ ಹಿಡಿದು ವಿಡಿಯೋ ಮಾಡಿ ಕಳಿಸು ಅನ್ನಿ, ತಕ್ಕಡಿ ಮೇಲಿಟ್ಟು ತೋರಿಸು ಅನ್ನಿ. ಅಂಟಲಿಲ್ಲ ಅಂದ ಮಾತ್ರಕ್ಕೆ ಅಸಲಿ ಅಂದ್ಕೋಬೇಡಿ, ಕೆಲವು ಸ್ಟೇನ್‌ಲೆಸ್ ಸ್ಟೀಲಿಗೂ ಅಂಟಲ್ಲ, ತೂಕ ನೋಡ್ಲೇಬೇಕು. ಕಾರ್ಡಿನ ನಂಬರನ್ನ ದುಡ್ಡು ಕೊಡೋ ಮೊದಲೇ ಕಂಪನಿಗೆ ಬರೆದು ಕೇಳಿ. "ನಂಬಿಕೆ ಇಲ್ವಾ ಸರ್?" ಅಂತಾರೆ. ಇಲ್ಲ ಅನ್ನಿ.

ಆಸಾಮಿ ಈಗ ಬೇರೆ ಹೆಸರಲ್ಲಿ ಅವೇ ಫೋಟೋ ಹಾಕಿದ್ದಾನೆ. ಅದೇ ಬಾಕ್ಸು, ಕಾರ್ಡಲ್ಲಿ ಅದೇ ನಂಬರು, ಆ ನಂಬರಿನ ಕಾರ್ಡು ಇನ್ನೂ ನನ್ನ ಹತ್ರಾನೇ ಇದೆ. ಕೆಳಗೆ "ಲಾಸ್ಟ್ ಪೀಸ್" ಅಂತೆ.