ಕಾರ್ಯಾಗಾರವೋ, ಮೆಂಟರಿಂಗೋ, ನೇರ ಹೊಣೆಯೋ?

ಸಂಸ್ಥೆಯೊಳಗಿಂದಲೇ ನಾಯಕರನ್ನು ಬೆಳೆಸಲು ಕಾರ್ಯಾಗಾರ, ಮೆಂಟರಿಂಗ್ (ಅನುಭವಿ ಹಿರಿಯರೊಬ್ಬರ ಮಾರ್ಗದರ್ಶನ), ನೇರ ಹೊಣೆ (ನಿಜವಾದ ಕೆಲಸವನ್ನೇ ಒಪ್ಪಿಸುವುದು), ಈ ಮೂರರಲ್ಲಿ ಯಾವುದು ಅಂತ ಕೇಳಿದ್ದೀರಿ.

ಖರ್ಚು ಮೊದಲು. ಕಾರ್ಯಾಗಾರದ ದುಡ್ಡು ಎದ್ದು ಕಾಣುತ್ತದೆ. ಮೆಂಟರಿಂಗ್ ಪುಕ್ಕಟೆ ಅನ್ನಿಸಿದರೂ ಹಿರಿಯರ ಸಮಯ ತಿನ್ನುತ್ತದೆ. ಹೊಣೆ ಕೊಟ್ಟರೆ ಬೆಲೆ ತಪ್ಪುಗಳ ರೂಪದಲ್ಲಿ ಬರುತ್ತದೆ.

ಕಲಿತದ್ದು ಎಷ್ಟು ದಿನ ಉಳಿಯುತ್ತದೆ ಅನ್ನೋದು ನನಗೆ ಇನ್ನೂ ಮುಖ್ಯ. ಕಾರ್ಯಾಗಾರದ ಪಾಠ ಬೇಗ ಬಳಕೆಗೆ ಬರದಿದ್ದರೆ ಮರೆತೇ ಹೋಗುತ್ತದೆ. ಸ್ವಂತ ನಿರ್ಧಾರದ ಫಲ ಉಂಡವರು ಅಷ್ಟು ಸುಲಭಕ್ಕೆ ಮರೆಯುವುದಿಲ್ಲ. 1980ರ ದಶಕದ ಅಧ್ಯಯನಗಳಿಂದ ಬಂದ 70:20:10 ಸೂತ್ರವೂ ಕಲಿಕೆಯ ನೂರು ಪಾಲಿನಲ್ಲಿ ಕೆಲಸದ ಅನುಭವಕ್ಕೇ 70 ಪಾಲು ಕೊಡುತ್ತದೆ; ಇತರರಿಂದ ಕಲಿಯುವುದಕ್ಕೆ 20, ತರಬೇತಿಗೆ 10. (ಅದು ಮ್ಯಾನೇಜರ್‌ಗಳು ತಾವೇ ಹೇಳಿಕೊಂಡದ್ದರ ಮೇಲೆ ನಿಂತ ಅಂದಾಜು, ಜಾಸ್ತಿ ನೆಚ್ಚಬೇಡಿ.) ಆದರೆ ಅಧಿಕಾರ ಕೊಡದೆ ಸುಮ್ನೆ ಕೆಲಸ ಹೇರಿದರೆ ಒಳ್ಳೆಯವರೂ ದಣಿದು ಬಿಟ್ಟು ಹೋಗುತ್ತಾರೆ.

ಹತ್ತಾರು ಮಂದಿ ಮೊದಲ ಸಲ ತಂಡ ನಡೆಸುವವರಿದ್ದರೆ ಕಾರ್ಯಾಗಾರವೇ ಸುಲಭ. ಫೀಡ್‌ಬ್ಯಾಕ್ ಕೊಡುವುದು, ಕೆಲಸ ಹಂಚುವುದು ಎಲ್ಲರಿಗೂ ಬೇಕಾದ ಪಾಠವೇ ಅಲ್ವಾ? ಒಬ್ಬಿಬ್ಬರನ್ನು ದೊಡ್ಡ ಹುದ್ದೆಗೆ ಸಿದ್ಧಮಾಡಬೇಕಾದರೆ ಹೊಣೆ ಕೊಡಿ, ಜೊತೆಗೊಬ್ಬ ಮೆಂಟರ್ ಇರಲಿ. ಆ ಮೆಂಟರ್ ನೇರ ಬಾಸ್ ಆಗದಿದ್ದರೆ ಒಳ್ಳೆಯದು. ಸಂಬಳ ತೀರ್ಮಾನಿಸುವವರ ಮುಂದೆ ಮನಬಿಚ್ಚಿ ಮಾತಾಡುವುದು ಕಷ್ಟ. ಸಣ್ಣ ತಪ್ಪನ್ನೂ ತಾಳಲಾಗದ ಕೆಲಸವಾದರೆ ಮೆಂಟರಿಂಗ್‌ನಿಂದ ಶುರುಮಾಡಿ.